ಮಂಗಳವಾರ ಸಾಕ್ಷಿ ಕಟ್ಟೆ ಹತ್ತಬೇಕು. ಪಾಟಿ ಸವಾಲಿನಲ್ಲಿ ಏನೇನು ಕೇಳ್ತಾರೆ?

ಹೊಳೆದಂಡೆ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತವರು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ, ಕೃಷ್ಣಾ ಹೊಳೆ ದಂಡೆ. ಕೊಟ್ಟ ಮನೆ ಅಥಣಿ ಕಡೆ. ಮದುವೆ ಆಗಿದ್ದು 1992ರಲ್ಲಿ. ಅಪ್ಪ ತೀರಿಕೊಂಡಿದ್ದು 2016ರಲ್ಲಿ. ಅಜ್ಜನ ಕಾಲದಿಂದ ಬಂದ 11 ಎಕರೆ 20 ಗುಂಟೆ ಹೊಲ ಇದೆ, ಈಗ ಎಲ್ಲಾ ಕಬ್ಬು. ಅಪ್ಪನ ದಿನ ಮುಗಿದ ಮೇಲೆ ಇಬ್ಬರು ಅಣ್ಣಂದಿರು ವಾರಸಾ ಮಾಡಿಸಿ ಉತಾರದಲ್ಲಿ (ಪಹಣಿಯಲ್ಲಿ) ತಮ್ಮ ಹೆಸರು, ಅವ್ವನ ಹೆಸರು ಏರಿಸಿಕೊಂಡರು. ನನ್ನ ಹೆಸರು ಬಿಟ್ಟರು. ನನಗೆ ಗೊತ್ತಾಗಿದ್ದು 2019ರಲ್ಲಿ. ಆ ವರ್ಷ ಆಗಸ್ಟ್‌ನಲ್ಲಿ ಹೊಳೆ ಬಂದು ಕಬ್ಬೆಲ್ಲಾ ಕೊಳೆತಿತ್ತು. ಪರಿಹಾರಕ್ಕೆ ಕೊಡಲು ಅಣ್ಣ ಉತಾರ ತೆಗೆಸಿದ್ದ. ಅದು ಅಡುಗೆಮನೆ ಕಟ್ಟೆಯ ಮೇಲೆ ಬಿದ್ದಿತ್ತು, ನಾನೇ ಓದಿದೆ.

ಎರಡು ವರ್ಷ ನನ್ನ ಪಾಲು ಬಾಯಿಮಾತಿನಲ್ಲಿ ಕೇಳಿದೆ. ಹಿರಿಯರನ್ನು ಕೂಡಿಸಿ ಕೇಳಿದೆ. ಆಮೇಲೆ 2021ರಲ್ಲಿ ದಾವೆ ಹಾಕಿದೆ. ಅವತ್ತಿನಿಂದ ಪಂಚಮಿಗೆ ಕರೆಯಲು ಯಾರೂ ಬಂದಿಲ್ಲ. ಅವ್ವ ದೊಡ್ಡಣ್ಣನ ಹತ್ತಿರ ಇದ್ದಾಳೆ. ಕಾಗದದಲ್ಲಿ ಅವಳೂ ಪ್ರತಿವಾದಿ. ಅದನ್ನು ನೋಡಿದಾಗಲೆಲ್ಲಾ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಅಣ್ಣಂದಿರು ಕೈಫಿಯತ್ತಿನಲ್ಲಿ, ಅಂದರೆ ದಾವೆಗೆ ಕೊಟ್ಟ ಉತ್ತರದಲ್ಲಿ, ಎರಡು ಮಾತು ಬರೆಸಿದ್ದಾರೆ. ಒಂದು, 1998ರಲ್ಲೇ ಅಪ್ಪ ಬಾಯಿಮಾತಿನಲ್ಲಿ ವಾಟ್ನಿ (ಆಸ್ತಿ ಪಾಲು) ಮಾಡಿಕೊಟ್ಟಿದ್ದಾರೆ ಅಂತ. ಇನ್ನೊಂದು, ನನ್ನ ಮದುವೆಗೆ ಬಂಗಾರ ಹಾಕಿ ಖರ್ಚು ಮಾಡಿದ್ದಾರೆ, ಅದೇ ನನ್ನ ಪಾಲು ಅಂತ. ನನ್ನ ಸಾಕ್ಷಿಯನ್ನು ಪ್ರಮಾಣಪತ್ರದಲ್ಲಿ ಬರೆದು ಕೊಟ್ಟಾಗಿದೆ. ಮಂಗಳವಾರ ಪಾಟಿ ಸವಾಲು. ನಾನು ಏಳನೇ ಇಯತ್ತೆವರೆಗೆ ಓದಿದವಳು. ನಾಲ್ಕು ಜನರ ಎದುರು ನಿಂತು ಮಾತಾಡಿ ಗೊತ್ತಿಲ್ಲ. ನಮ್ಮ ವಕೀಲರು "ಹೆದರಬೇಡಿ" ಅಂತಷ್ಟೇ ಹೇಳುತ್ತಾರೆ. ಅಲ್ಲಿ ನಿಂತವರು ಯಾರಾದರೂ ಇದ್ದರೆ ಹೇಳಿ.

ಬೆಳಗಾವಿ ವಕೀಲ

ಅಕ್ಕಾ, ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ಕರ್ನಾಟಕ ತಿದ್ದುಪಡಿಯಲ್ಲಿ ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲು ಇರಲಿಲ್ಲ. ನಿಮ್ಮ ಮದುವೆ 1992 ಅಂದ ಕೂಡಲೇ ಕೆಲವರು ಅದನ್ನೇ ಹಿಡಿದು ಹೆದರಿಸುತ್ತಾರೆ. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆದುಹಾಕಿತು. ಸೆಪ್ಟೆಂಬರ್ 9, 2005ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಮದುವೆ ಯಾವಾಗಲೇ ಆಗಿರಲಿ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿದೆ. ಬಾಯಿಮಾತಿನ ವಾಟ್ನಿಯನ್ನು ಸುಲಭಕ್ಕೆ ಒಪ್ಪಬಾರದು ಅಂತಲೂ ಅದೇ ತೀರ್ಪು ಹೇಳುತ್ತದೆ. ಸರ್ಕಾರಿ ದಾಖಲೆಗಳ ಗಟ್ಟಿ ಆಧಾರ ಬೇಕು. 1998ರಿಂದ 2016ರವರೆಗಿನ ಉತಾರ ತೆಗೆಸಿದ್ದೀರಾ? ಅಷ್ಟೂ ವರ್ಷ ಅಪ್ಪನ ಹೆಸರೇ ಇದ್ದರೆ ಅದು ನಿಮಗೆ ದೊಡ್ಡ ಬಲ. ಅವರು ನಡುವೆ ಹೊಲ ಮಾರಿದರೆ ಅಂತ ಚಿಂತೆ ಇದ್ದರೆ, ದಾವೆ ನಡೆಯುವಾಗ ಕೊಂಡವನೂ ತೀರ್ಪಿಗೆ ಬದ್ಧ.

ಬಾಗಲಕೋಟೆಯ ಹಳೇ ಟೈಪಿಸ್ಟ್

ತಂಗಿ, ನಾನು ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ನಮ್ಮ ಜಿಲ್ಲಾ ಕೋರ್ಟ್ ವಿಜಯಪುರದಲ್ಲಿತ್ತು, ನನ್ನ ನೌಕರಿ ಶುರುವಾಗಿದ್ದೂ ಅಲ್ಲೇ. ಸಾಕ್ಷಿ ಕಟ್ಟೆಯಿಂದ ನಾಲ್ಕು ಮೊಳ ದೂರದಲ್ಲಿ ನನ್ನ ಮೇಜು. ನಿನ್ನಂಥ ಎಷ್ಟೋ ಹೆಣ್ಣುಮಕ್ಕಳ ಮಾತು ನನ್ನ ಬೆರಳಿನಿಂದ ಕಾಗದಕ್ಕೆ ಇಳಿದಿದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಬಾಗಿಲಲ್ಲಿ ಜವಾನ ನಿನ್ನ ಹೆಸರು ಕೂಗುತ್ತಾನೆ. ಹೋಗಿ ನಿಲ್ಲು. ಪ್ರಮಾಣ ಮಾಡಿಸುತ್ತಾರೆ. ಪ್ರಶ್ನೆ ಕೇಳುವವರು ಅಣ್ಣಂದಿರ ವಕೀಲರು, ಆದರೆ ನೀನು ನ್ಯಾಯಾಧೀಶರ ಕಡೆ ನೋಡಿ ಉತ್ತರ ಹೇಳು. ಅವರು ಅದನ್ನು ಕೇಳಿ ಬರೆಸುತ್ತಾರೆ. ಬರೆಸುವ ಭಾಷೆ ಬೇರೆ ಥರ ಇರುತ್ತದೆ, ಅದು ಮೊದಲೇ ಗೊತ್ತಿರಲಿ. ವಕೀಲರು "ಮದುವೆಯಲ್ಲಿ ಬಂಗಾರ ಹಾಕಿದ್ದಾರೆ, ಅಲ್ವಾ?" ಅಂತಾರೆ. ಹಾಕಿದ್ದರೆ ಹೌದು ಅನ್ನು. ಕಾಗದದಲ್ಲಿ ಬರುವುದು "ಮದುವೆಯಲ್ಲಿ ಬಂಗಾರ ಹಾಕಿದ್ದಾರೆ ಎಂದರೆ ಸರಿ" ಅಂತ. "ಅದಕ್ಕೆ ನಿಮಗೆ ಪಾಲು ಇಲ್ಲ, ಅಲ್ವಾ?" ಅಂದರೆ ಇಲ್ಲ, ಹಾಗಲ್ಲ ಅನ್ನು. "ಪಾಲು ಇಲ್ಲ ಎಂದರೆ ಸರಿಯಲ್ಲ" ಅಂತ ಬರುತ್ತದೆ. ಬಂಗಾರ ಹಾಕಿದ್ದನ್ನು ಮುಚ್ಚಿಡಬೇಡ. ಎರಡು ತೊಲ ಅಂದರೆ ಎರಡು ತೊಲ. ನಿಜವನ್ನು ಒಪ್ಪಿದ್ದಕ್ಕೆ ಕೇಸು ಹೋಗಿದ್ದನ್ನು ನಾನು ನೋಡಿದ್ದು ಕಡಿಮೆ. ಸಣ್ಣದೊಂದನ್ನು ಇಲ್ಲ ಅಂದು, ಆಮೇಲೆ ಮದುವೆ ಫೋಟೋ ಮುಂದೆ ಇಟ್ಟಾಗ ತಲೆ ತಗ್ಗಿಸಿದವರನ್ನು ಜಾಸ್ತಿ ನೋಡಿದ್ದೇನೆ.

ಕೊನೆಗೆ ಒಂದು ಮಾತು ಬಂದೇ ಬರುತ್ತದೆ: "ನೀವು ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ." ತಂಗಿ, ಇದಕ್ಕೆ ಮನಸ್ಸು ಗಟ್ಟಿ ಮಾಡಿಕೋ. ಮುಧೋಳ ಕಡೆಯ ಒಬ್ಬ ಮುದುಕಿ, ಎಪ್ಪತ್ತು ದಾಟಿತ್ತು. ಒಂದು ಗಂಟೆ ಕಟಕಟೆಯ ಕಂಬಿ ಹಿಡಿದು ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಟ್ಟಳು. ಈ ಮಾತು ಬಂದಾಗ "ಇಲ್ರೀ" ಅಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಊಟದ ಬಿಡುವಿನಲ್ಲಿ ನನ್ನ ಮೇಜಿನ ಹತ್ತಿರ ಬಂದು, "ನಾನು ಸುಳ್ಳು ಹೇಳೀನಂತ ಬರದಿ ಏನೋ ಯಪ್ಪಾ?" ಅಂತ ಕೇಳಿದಳು. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಓದಿ ತೋರಿಸಿದೆ: "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಸರಿಯಲ್ಲ ಅಂತ ನೀನೇ ಹೇಳಿದ್ದು ಬರೆದಿದೆ ನೋಡವ್ವಾ ಅಂದೆ. ಮತ್ತೊಮ್ಮೆ ಓದಿಸಿಕೊಂಡು ಹೋದಳು. ಈ ಪ್ರಶ್ನೆ ಎಲ್ಲಾ ಸಾಕ್ಷಿಗಳಿಗೂ ಕೇಳುತ್ತಾರೆ. ಕೇಳದೆ ಬಿಟ್ಟರೆ ಎದುರಿನವರ ಮಾತು ಒಪ್ಪಿದ ಹಾಗೆ ಆದೀತು ಅಂತ ವಕೀಲರು ಕೇಳಲೇಬೇಕು. ನಿನ್ನ ಮೇಲಿನ ಸಿಟ್ಟಲ್ಲ ಅದು.

ಇಸವಿ ನೆನಪಿಲ್ಲದಿದ್ದರೆ ಊಹೆ ಮಾಡಿ ಹೇಳಬೇಡ. "ನೆನಪಿಲ್ಲ" ಅನ್ನುವುದೂ ಉತ್ತರವೇ. "ಹೊಳೆ ಬಂದ ವರ್ಷ" ಅಂತ ನೆನಪಿದ್ದರೆ ಹಾಗೇ ಹೇಳು. ಪ್ರಶ್ನೆ ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನು, ತಿರುಗಿ ಕೇಳುತ್ತಾರೆ.

ಇನ್ನೊಂದು. ಮುಗಿದ ಮೇಲೆ ಬರೆದದ್ದನ್ನು ಓದಿ ಹೇಳುತ್ತಾರೆ, ಆಮೇಲೆ ಸಹಿ. ಆ ಹೊತ್ತಿಗೆ ಎಲ್ಲರಿಗೂ ಸಾಕಾಗಿರುತ್ತದೆ, ಸುಮ್ನೆ ಸಹಿ ಹಾಕಿ ಇಳಿದುಬಿಡುತ್ತಾರೆ. ನೀನು ಹಾಗೆ ಮಾಡಬೇಡ. ನಾನೂ ಮನುಷ್ಯನೇ ಇದ್ದೆ, ನನ್ನ ಕೈಯಲ್ಲೂ ತಪ್ಪು ಬಿದ್ದಿವೆ. ಒಂದೊಂದು ಪದ ಕೇಳಿಸಿಕೋ. ನೀನು ಹೇಳಿದ್ದು ಬೇರೆ ಇದ್ದರೆ ಅಲ್ಲೇ ಹೇಳು.

ಇಂಡಿಯ ಅಕ್ಕ

ನಾನು ಇದೇ ದಾರಿ ನಡೆದು ಬಂದವಳು. ತಂಗಿ, ಬೆಳಿಗ್ಗೆ ಹೊಟ್ಟೆ ತುಂಬಾ ತಿಂದು ಹೋಗು. ರೊಟ್ಟಿ ಕಟ್ಟಿಕೊಂಡು ಹೋಗು. ಸಂಜೆಯಾದರೂ ಹೆಸರು ಕೂಗದ ದಿನ ಇರುತ್ತವೆ.

ನನ್ನದು ಆರು ವರ್ಷಕ್ಕೆ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಕೋರ್ಟ್ ಫೀ ವಾಪಸ್ ಬಂತು. ಆ ರಾಜಿಯ ಮೇಲೆ ಅಪೀಲು ಇಲ್ಲ, ಅದಕ್ಕೇ ಸಹಿ ಹಾಕುವ ಮೊದಲು ಸರ್ವೆ ನಂಬರು, ಬಾವಿ, ಹೊಲಕ್ಕೆ ಹೋಗುವ ದಾರಿ ಎಲ್ಲಾ ಬರೆಸಿಕೊಂಡೆ. ದಾರಿ ಬರೆಸದೆ ಪಾಲು ತಗೊಂಡು ಒದ್ದಾಡುವವರು ನಮ್ಮೂರಲ್ಲೇ ಇದ್ದಾರೆ. ವಕೀಲರ ಫೀ ಕಷ್ಟ ಅನ್ನುವ ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ: ಕಾನೂನು ಸೇವಾ ಪ್ರಾಧಿಕಾರದಲ್ಲಿ ನಮಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, ಆದಾಯ ಎಷ್ಟೇ ಇರಲಿ. 15100ಕ್ಕೆ ಫೋನ್ ಮಾಡಿ.

ನೀನು ತವರು ಮುರಿಯಲು ಹೋದವಳಲ್ಲ. ಅಪ್ಪನ ಮಗಳು ಅಂತ ಬರೆಸಿಕೊಳ್ಳಲು ಹೋದವಳು.

ಹೊಳೆದಂಡೆ ಮಗಳು

ಮುಗೀತು. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನ ಮೂರರ ಮೇಲೆ ಕೂಗಿದರು. ಬಂಗಾರ ಕೇಳಿದರು, ಮೂರು ತೊಲ ಅಂದೆ. ಸೀಮಂತದ ಸೀರೆ ಕೇಳಿದರು, ಕೊಟ್ಟಿದ್ದಾರೆ ಅಂದೆ. ವಕೀಲ ಅಣ್ಣಾ, ಉತಾರ ಎಲ್ಲಾ ಹಾಜರು ಮಾಡಿದ್ದೇವೆ. 2016ರವರೆಗೂ ಅಪ್ಪನ ಹೆಸರೇ ಇದೆ. ವಾಟ್ನಿ ಆಗಿದೆ ಅಂದಾಗ ಅದನ್ನೇ ಹೇಳಿದೆ. ಸುಳ್ಳು ಸಾಕ್ಷಿ ಅಂದಾಗ ಆ ಮುದುಕಿ ನೆನಪಾದಳು. ಅಳು ಬರಲಿಲ್ಲ.

ಕಾಕಾ, ನೀವು ಹೇಳಿದಂತೆ ಓದುವಾಗ ಗಮನವಿಟ್ಟು ಕೇಳಿದೆ. "ಮದುವೆಗೆ ಮುಂಚೆ ನಾನು ಅಣ್ಣಂದಿರ ಹೊಲಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ" ಅಂತ ಬಂದಿತ್ತು. ನಾನು "ಸಾಹೇಬ್ರೇ, ಅಪ್ಪನ ಹೊಲ ಅಂದಿದ್ದೆ" ಅಂದೆ. ನ್ಯಾಯಾಧೀಶರು ತಲೆ ಎತ್ತಿ ನೋಡಿ, ಅಲ್ಲಿಯೇ ತಿದ್ದಿಸಿದರು. ಹಿಂದಿನ ಬೆಂಚಿನಲ್ಲಿ ಅವ್ವ ಕೂತಿದ್ದಳು. ಅವಳಿಗೂ ಕೇಳಿಸಿರಬೇಕು.

ಮುಂದಿನ ತಾರೀಖು 24. ಅಣ್ಣಂದಿರ ಸಾಕ್ಷಿ ಶುರು.