ಮಕ್ಕಳ ಆಸ್ತಮಾ ಮ್ಯಾಪ್ ಮಾಡಬೇಕು, ಮಾಡಿ ಕೈ ಸುಟ್ಟುಕೊಂಡವರು ಹೇಳಿ

ಕೋಲಾರದ ಸೊಸೆ, ಮಿಲ್ವಾಕಿ (ಅಮೆರಿಕ): ಕಪ್ಪು ಜನರೇ ಜಾಸ್ತಿ ಇರುವ ಪಕ್ಕದ ಬಡಾವಣೆಯ ಚರ್ಚ್‌ನವರು, ಮಕ್ಕಳ ಆಸ್ತಮಾ ಯಾವ ಬೀದಿಯಲ್ಲಿ ಜಾಸ್ತಿ ಅಂತ ಮ್ಯಾಪ್ ಮಾಡಿಕೊಡಿ ಅಂದಿದ್ದಾರೆ. ಕೈಯಲ್ಲಿರುವುದು ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರ) ಪ್ರಕಾರದ ಲೆಕ್ಕ, ಮತ್ತೆ 300 ಡಾಲರ್. ಸಾಕಾಗುತ್ತಾ?

ಮಿಶಿಗನ್ ಮಾವ: ಜಿಪ್ ಕೋಡ್ ನಂಬಿ ನಾನು ಕೆಟ್ಟೆ. ನಮ್ಮದು ಮಕ್ಕಳ ರಕ್ತದಲ್ಲಿರುವ ಸೀಸದ ಮ್ಯಾಪ್. ಇಡೀ ಊರು ಒಂದೇ ಬಣ್ಣ ಬಂತು, ಎಂಟು ವಾರದ ಕೆಲಸ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು. ನಮ್ಮ ಮಿಶಿಗನ್‌ನ ಫ್ಲಿಂಟ್ ಊರಲ್ಲೂ ಇದೇ ಕಥೆ ಅಲ್ವಾ? 2014ರಲ್ಲಿ ಊರಿನ ನೀರಿನ ಮೂಲ ಬದಲಾಯಿಸಿದರು, ನಲ್ಲಿ ನೀರಿಗೆ ಸೀಸ ಸೇರಿತು. ಆದರೆ ಫ್ಲಿಂಟ್ ಅಂತ ಅಂಚೆ ವಿಳಾಸವಿದ್ದ ಎಷ್ಟೋ ಮನೆಗಳು ಊರಿನ ಗಡಿಯ ಹೊರಗಿದ್ದವು, ಆ ನೀರು ಕುಡಿಯುತ್ತಲೇ ಇರಲಿಲ್ಲ, ಜಿಪ್ ಕೋಡ್ ಹಿಡಿದು ಅವನ್ನೂ ಸೇರಿಸಿ ಎಣಿಸಿದ್ದಕ್ಕೆ ಮಕ್ಕಳ ರಕ್ತದ ಸೀಸದ ಏರಿಕೆ ಮುಚ್ಚಿಹೋಯಿತು. ಅಲ್ಲಿನ ಮಕ್ಕಳ ಡಾಕ್ಟರ್ ಮೋನಾ ಹನ್ನಾ-ಅಟೀಶಾ, ಭೂಗೋಳ ತಜ್ಞ ರಿಕ್ ಸ್ಯಾಡ್ಲರ್ ಮನೆಮನೆ ವಿಳಾಸ ಹಿಡಿದು ನೋಡಿದರು. ಸೀಸ ಜಾಸ್ತಿ ಇದ್ದ ಮಕ್ಕಳು ನೂರಕ್ಕೆ 2.4 ಇದ್ದದ್ದು 4.9 ಆಗಿತ್ತು. ಅದನ್ನು ಓದಿ ನಾನೂ ವಿಳಾಸಕ್ಕೆ ಕೈ ಹಾಕಿದೆ. 1,140 ವಿಳಾಸ. ಮಾರ್ಟಿನ್ ಲೂಥರ್ ಕಿಂಗ್ ರಸ್ತೆಯನ್ನೇ ಆರು ಥರ ಬರೆದಿದ್ದರು: ಎಂಎಲ್‌ಕೆ, ಡಾ. ಕಿಂಗ್, ಒಬ್ಬರಂತೂ ಬರೀ 'ಕಿಂಗ್'. ವಿಳಾಸಗಳನ್ನು ಮ್ಯಾಪ್ ಮೇಲಿನ ಜಾಗವಾಗಿ ಬದಲಿಸಲು ಒಂದು ಖಾಸಗಿ ಸೇವೆಗೆ 212 ಡಾಲರ್ ಕಟ್ಟಿದ ಮೇಲೆ ಗೊತ್ತಾಯಿತು, ಸರ್ಕಾರದ ಸೆನ್ಸಸ್ ಬ್ಯೂರೋ ಒಂದು ಸಲಕ್ಕೆ 10,000 ವಿಳಾಸಕ್ಕೆ ಅದನ್ನು ಪುಕ್ಕಟೆ ಮಾಡಿಕೊಡುತ್ತೆ! ಈಗಲೂ ಹೊಟ್ಟೆ ಉರಿಯುತ್ತೆ.

ಹುಬ್ಬಳ್ಳಿ ಅಕ್ಕ: ಮಾವ, ಕಾಯಿಲೆ ಮಕ್ಕಳ ವಿಳಾಸ ಇವರಿಗೆ ಯಾರು ಕೊಡುತ್ತಾರೆ? ನಾವು ಸಿಡಿಸಿಯ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಪ್ಲೇಸಸ್ ಅನ್ನೋ ಬಡಾವಣೆವಾರು ಕಾಯಿಲೆ ಅಂಕಿ ತಗೊಂಡು, ಕೆಳಗೆ 1930ರ ದಶಕದ ರೆಡ್‌ಲೈನಿಂಗ್ ಮ್ಯಾಪ್ ಹಾಕಿದೆವು. ಸಾಲಕ್ಕೆ ಅಪಾಯ ಅಂತ ಕಪ್ಪು ಜನರ ಬೀದಿಗೆ ಕೆಂಪು ಬಳಿದಿದ್ದರಲ್ಲ, ಅದೇ. ರಿಚ್ಮಂಡ್ ವಿಶ್ವವಿದ್ಯಾಲಯದವರು ಪುಕ್ಕಟೆ ಇಟ್ಟಿದ್ದಾರೆ. ಮ್ಯಾಪ್ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ಗೂ ದುಡ್ಡಿಲ್ಲ. ಖರ್ಚಾಗಿದ್ದು ಪೋಸ್ಟರ್‌ಗೆ, 86 ಡಾಲರ್, ಅದೂ ಎರಡು ಸಲ, ಯಾಕೆಂದರೆ ಮೊದಲನೆಯದರಲ್ಲಿ ಬಣ್ಣಗಳ ವಿವರವೇ ಕತ್ತರಿಸಿಹೋಗಿತ್ತು. ಚರ್ಚ್‌ನಲ್ಲಿ ಒಬ್ಬ ಅಜ್ಜಿ ಕನ್ನಡಕ ಹಣೆಗೇರಿಸಿ, ಬೆರಳಿಟ್ಟು ತಮ್ಮ ಮನೆ ಹುಡುಕಿದರು. "ಆಗಲೂ ಕೆಂಪು, ಈಗಲೂ ಕೆಂಪು. ಇದನ್ನ ಹೇಳೋಕೆ ನೀನು ಬರಬೇಕಿತ್ತಾ?" ನನ್ನ ಮುಖ ಇಷ್ಟಾಯಿತು. ಆದರೂ ನಗರಸಭೆಯ ಮುಂದೆ ಅವರೇ ಹಿಡಿದುಕೊಂಡು ನಿಂತದ್ದು ಅದೇ ಪೋಸ್ಟರ್.

ಮಿಶಿಗನ್ ಮಾವ: ಪ್ಲೇಸಸ್ ಇರುವುದು ದೊಡ್ಡವರಿಗೆ. ಅದೂ ಎಣಿಸಿದ್ದಲ್ಲ, ಸಮೀಕ್ಷೆಯಿಂದ ಕಟ್ಟಿದ ಅಂದಾಜು. ಮಕ್ಕಳ ಆಸ್ತಮಾ ಎಲ್ಲಿಂದ ತಂದಿರಿ?

ಹುಬ್ಬಳ್ಳಿ ಅಕ್ಕ: ನಾವು ಮಾಡಿದ್ದು ಶುಗರ್ ಮ್ಯಾಪ್. ಕೇಳಿ ಆಮೇಲೆ ಬೈಯಿರಿ.

ಟೆಕ್ಸಸ್ ಗೌಡ: ಪುಕ್ಕಟೆದಕ್ಕೆ ಬಾಯಿ ಬಿಡಬೇಡಿ. ಕ್ಯೂಜಿಐಎಸ್ ರಾತ್ರಿ ಎರಡು ಗಂಟೆಗೆ ಕ್ರ್ಯಾಶ್ ಆಗಿ ನನ್ನ ನಾಲ್ಕು ದಿನದ ಕೆಲಸ ಹೋಯಿತು. ದುಡ್ಡು ಕೊಟ್ಟು ಅಂಥದ್ದೇ ಆರ್ಕ್‌ಜಿಐಎಸ್ ತಗೊಳ್ಳಿ. ಅದಿರಲಿ, ನಮ್ಮವರ ಹಾರ್ಟ್ ಅಟ್ಯಾಕ್‌ಗೆ ಮ್ಯಾಪ್ ಎಲ್ಲಿದೆ? ಚೀನಾದವರು, ನಾವು, ಎಲ್ಲರನ್ನೂ 'ಏಷ್ಯನ್' ಅಂತ ಒಂದೇ ಮೂಟೆಗೆ ತುಂಬುತ್ತಾರೆ.

ಮಿಶಿಗನ್ ಮಾವ: ನಡುನಡುವೆ ಸೇವ್ ಮಾಡದೇ ಇದ್ದದ್ದು ಕ್ಯೂಜಿಐಎಸ್ ತಪ್ಪಾ?

ಹುಬ್ಬಳ್ಳಿ ಅಕ್ಕ: ಆಯಮ್ಮ ಕೇಳಿದ್ದು ಆಸ್ತಮಾ ಗೌಡ್ರೇ. ನಮ್ಮವರದು ಬೇಕಾದರೆ ನೀವೇ ಶುರು ಮಾಡಿ.

ಟೆಕ್ಸಸ್ ಗೌಡ: ಮಾಡಿದೆ ಕಣಮ್ಮ. 60 ಮನೆಗೆ ಫಾರ್ಮ್ ಕಳಿಸಿದೆ. ತುಂಬಿ ಕೊಟ್ಟವರು 7 ಜನ, ಅದರಲ್ಲಿ 3 ನಮ್ಮ ಮನೆಯವರೇ.