ಅಕಥೀಸಿಯಾ = ಚಡಪಡಿಕೆ? (ಇವತ್ತು ರಾತ್ರಿಯೊಳಗೆ ಪದ ಬೇಕು)

ನಮಸ್ಕಾರ. ಮನೋವೈದ್ಯಕೀಯ ನರ್ಸಿಂಗ್ ವಿದ್ಯಾರ್ಥಿಗಳ ಕೈಪಿಡಿಗೆ ಸ್ಕಿಜೋಫ್ರೀನಿಯಾ ಅಧ್ಯಾಯ ಅನುವಾದಿಸುತ್ತಿದ್ದೇನೆ, ನಾಳೆ ಅಚ್ಚಿಗೆ. ಅಕಥೀಸಿಯಾದಲ್ಲಿ ಸಿಕ್ಕಿಬಿದ್ದಿದ್ದೇನೆ. ಈ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧ ಶುರುವಾದ ಮೇಲೆ ಕೆಲವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ನಿಂತರೂ ಭಾರ ಆ ಕಾಲಿಂದ ಈ ಕಾಲಿಗೆ, ಈ ಕಾಲಿಂದ ಆ ಕಾಲಿಗೆ. ಕರಡಿನಲ್ಲಿ ಇದಕ್ಕೆ 'ಚಡಪಡಿಕೆ' ಎಂದಿದೆ. ಎರಡು ಪುಟ ಹಿಂದೆ ಅಜಿಟೇಶನ್‌ಗೂ (ಕಾಯಿಲೆಯಿಂದಲೇ ಬರುವ ಕೆರಳಿದ ಸ್ಥಿತಿ) ಅದೇ ಪದ! ಚಾರ್ಟಿನಲ್ಲಿ ಬರೀ 'ಚಡಪಡಿಕೆ' ಎಂದು ಬರೆದರೆ ಕಾಯಿಲೆ ಜೋರಾಗಿದೆ ಅಂದುಕೊಂಡು ಅದೇ ಔಷಧದ ಡೋಸ್ ಏರಿಸಿಬಿಡಬಹುದು. ಆಗ ತೊಂದರೆ ಇನ್ನೂ ಹೆಚ್ಚುತ್ತದೆ.
— ಸು.

ಗ್ರೀಕಿನ 'ಕಥಿಸಿಸ್' ಎಂದರೆ ಕೂರುವುದು. ಮುಂದಿರುವ 'ಅ' ನಮ್ಮ ನಿಷೇಧದ 'ಅ'ವೇ. 1901ರಲ್ಲಿ ಚೆಕ್ ವೈದ್ಯ ಹಾಶ್ಕೊವೆಟ್ಸ್ ಈ ಪದ ಕಟ್ಟಿದಾಗ ಈ ಔಷಧಗಳು ಹುಟ್ಟಿರಲೇ ಇಲ್ಲ. ಇವುಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಝೀನ್ ಬಂದದ್ದು 1952ರಲ್ಲಿ. 'ಅನಾಸನತೆ' ಎನ್ನಿ, ಮುಗಿಯಿತು. ಶೀರ್ಷಿಕೆಯನ್ನೂ 'ಛಿದ್ರಮನಸ್ಕತೆ' ಮಾಡಿ. ಗ್ರೀಕಿನ ಸ್ಕಿಜೊ, ಸಂಸ್ಕೃತದ ಛಿದ್ ಒಂದೇ ಮೂಲದವು.
— ವೆಂ.

ಅನಾಸನತೆ ಅಂದರೆ ಕುರ್ಚಿ ಸಿಗದವರ ಬೇನೆಯೇ? ಅಕತೀಸಿಯಾಕ್ಕೆ 'ಕೂರಮೆ' ಸಾಕು. 'ಅರಿಯಮೆ' ಇರುವಾಗ 'ಕೂರಮೆ' ಯಾಕಾಗದು?
— ಬ.

ಅಚ್ಚಿನಲ್ಲಿ ಒಂದು ಅಕ್ಷರ ಜಾರಿ 'ಕೂರ್ಮೆ' ಆದರೆ ಮಾತ್ರೆಯ ಅಡ್ಡಪರಿಣಾಮ ಪ್ರೀತಿ ಎಂದಾಗುತ್ತದೆ.
— ವೆಂ.

ನಾನು ವಾರ್ಡಿನಲ್ಲಿ ಪಾಠ ಹೇಳುವವಳು. ಇಬ್ಬರ ಪದವನ್ನೂ ರೋಗಿಯ ಮುಂದೆ ಆಡಲಾಗದು. 'ಕೂರಲಾಗದ ತಳಮಳ' ಅಂತ ಬಿಡಿಸಿ ಬರೆದು, ಪಕ್ಕದಲ್ಲಿ ಅಕಥೀಸಿಯಾ ಇಡಿ ಸುಮಾ. 'ಕೂರೋಕೆ ಆಗ್ತಿಲ್ವಾ? ಮಾತ್ರೆ ಶುರುವಾದ ಮೇಲಾ, ಮೊದಲೇ ಇತ್ತಾ?' ಎಂದು ಕೇಳುವುದಕ್ಕೆ ಅದೇ ದಾರಿ ಮಾಡಿಕೊಡುತ್ತದೆ. ಡೋಸ್ ಇಳಿಸಿಯೋ ಪ್ರೊಪ್ರನೊಲಾಲ್ ಕೊಟ್ಟೋ ವೈದ್ಯರು ತಗ್ಗಿಸಬಹುದಾದ ತೊಂದರೆ ಇದು, ಆದರೆ ಯಾರಾದರೂ ಗುರುತಿಸಬೇಕಲ್ಲ.

ಛಿದ್ರಮನಸ್ಕತೆ ಬೇಡವೇ ಬೇಡ. ಅದನ್ನು ಓದಿದವರು 'ಒಬ್ಬರಲ್ಲಿ ಇಬ್ಬರು' ಎಂದು ಉತ್ತರ ಬರೆಯುತ್ತಾರೆ. 1908ರಲ್ಲಿ ಸ್ಕಿಜೋಫ್ರೀನಿಯಾ ಎಂಬ ಹೆಸರಿಟ್ಟ ವೈದ್ಯ ಬ್ಲಾಯ್ಲರ್ ಹೇಳಿದ ಸೀಳು ಯೋಚನೆ, ಭಾವನೆಗಳ ನಡುವಿನದು, ಎರಡು ವ್ಯಕ್ತಿತ್ವಗಳದ್ದಲ್ಲ. ಜಪಾನಿನವರು 'ಮನಸ್ಸು ಸೀಳಿದ ಕಾಯಿಲೆ' ಎಂಬ ಹೆಸರನ್ನು 2002ರಲ್ಲೇ ಕೈಬಿಟ್ಟರು. ಇನ್ನೊಂದು: ಪಾಸಿಟಿವ್ ಸಿಂಪ್ಟಮ್‌ಗೆ (ಕಾಯಿಲೆಯಿಂದ ಹೊಸದಾಗಿ ಸೇರಿಕೊಳ್ಳುವ ಲಕ್ಷಣ) 'ಸಕಾರಾತ್ಮಕ ಲಕ್ಷಣ' ಎಂದಿದ್ದರೆ ತೆಗೆಯಿರಿ. ಇಲ್ಲದ ದನಿ ಕೇಳಿಸುತ್ತಿದ್ದ ಒಬ್ಬರ ಬಗ್ಗೆ ನನ್ನ ವಿದ್ಯಾರ್ಥಿನಿ 'ಸಕಾರಾತ್ಮಕ ಲಕ್ಷಣಗಳಿವೆ, ಚೇತರಿಸಿಕೊಳ್ಳುತ್ತಿದ್ದಾರೆ' ಎಂದು ಬರೆದಿದ್ದಳು.
— ಲ.

ಅಂದರೆ ಗ್ರೀಕ್ ಇರಬಹುದು, ಸಂಸ್ಕೃತ ಮಾತ್ರ ಹೊರೆ. ವಿಚಿತ್ರ ಸ್ವಾಭಿಮಾನ.
— ವೆಂ.

ಗ್ರೀಕ್ ನಮಗೆ ಮಹಾಪ್ರಾಣ ಕಲಿತು ಬಾ ಅಂತ ಗದರುವುದಿಲ್ಲವಲ್ಲ.
— ಬ.

ಬರೆಯುವುದಕ್ಕೇ ಸೋಮಾರಿತನ ಎಂದರೆ ಚರ್ಚೆ ಏಕೆ?
— ವೆಂ.

ಲ. ಮೇಡಂಗೆ ವಂದನೆ. 'ಕೂರಲಾಗದ ತಳಮಳ (ಅಕಥೀಸಿಯಾ)' ಹಾಕಿದೆ. ಅಜಿಟೇಶನ್ 'ಉದ್ರೇಕ' ಆಯಿತು. 'ಸಕಾರಾತ್ಮಕ' ಹುಡುಕಿದರೆ ಹನ್ನೊಂದು ಕಡೆ ಇತ್ತು! ದನಿ ಕೇಳಿಸುವುದು, ಸಂಶಯ ಇವೆಲ್ಲ ಈಗ 'ಕೂಡಿದ ಲಕ್ಷಣ'. ಮಾತು, ಉತ್ಸಾಹ ಬತ್ತುವುದು 'ಕಳೆದ ಲಕ್ಷಣ'. ಮುಂದಿನ ಪುಟದಲ್ಲಿ ಟಾರ್ಡಿವ್ ಡಿಸ್ಕಿನೀಸಿಯಾ (ಇವೇ ಔಷಧಗಳನ್ನು ಬಹುಕಾಲ ತೆಗೆದುಕೊಂಡ ಮೇಲೆ ಬಾಯಿ, ನಾಲಿಗೆ ತಾವಾಗಿಯೇ ಆಡುವ ತೊಂದರೆ) ಇದೆ. ದಯವಿಟ್ಟು ಅದಕ್ಕೆ ಯಾರೂ ಪದ ಕಟ್ಟಬೇಡಿ.
— ಸು.