ಅಜ್ಜನ ಎರಡು ಕ್ಷೌರದ ಕತ್ತಿಗಳು: ಯಾವುದನ್ನು ಮಸೆಯಬಹುದು?

ಪ್ರಶ್ನೆ (ಪುತ್ತೂರು)

ನಮ್ಮ ಅಜ್ಜ ಪೇಟೆಯಲ್ಲಿ ಕ್ಷೌರದ ಅಂಗಡಿ ನಡೆಸುತ್ತಿದ್ದರು. ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಗಳು ಬಂದ ಮೇಲೆ ಅವರು ತಮ್ಮ ಹಳೆಯ ಮಡಚುವ ಕತ್ತಿಗಳನ್ನು ಚರ್ಮದ ಚೀಲದಲ್ಲಿ ಸುತ್ತಿ ಅಟ್ಟದ ಪೆಟ್ಟಿಗೆಯಲ್ಲಿ ಇರಿಸಿದ್ದರು. ಈಚೆಗೆ ಮನೆ ಪಾಲು ಆದಾಗ ನಾನು ಕೇಳಿ ಪಡೆದದ್ದು ಆ ಚೀಲವೊಂದನ್ನೇ. ಒಂದು ಕತ್ತಿಯ ಮೇಲೆ ‘ಜೋಸೆಫ್ ರಾಡ್ಜರ್ಸ್, ಶೆಫೀಲ್ಡ್’ ಎಂಬ ಇಂಗ್ಲೆಂಡಿನ ತಯಾರಕರ ಬರಹವೂ, ನಕ್ಷತ್ರ ಮತ್ತು ಶಿಲುಬೆಯ ಗುರುತೂ, ಕಿರೀಟದ ಎರಡು ಬದಿಗೆ ‘ವಿ’, ‘ಆರ್’ ಎಂಬ ಇಂಗ್ಲಿಷ್ ಅಕ್ಷರಗಳೂ ಇವೆ. ಹಿಡಿ ಕಪ್ಪು ಕೊಂಬಿನದು. ಇನ್ನೊಂದರಲ್ಲಿ ‘ಸೋಲಿಂಗೆನ್’ (ಜರ್ಮನಿಯ ಊರು) ಎಂದಷ್ಟೇ ಓದಲು ಬರುತ್ತದೆ. ಅದರ ಹಿಡಿ ದಂತದ ಬಣ್ಣದ್ದು, ತೆರೆದರೆ ಕರ್ಪೂರದ ವಾಸನೆ ಬರುತ್ತದೆ. ಎರಡಕ್ಕೂ ತುಕ್ಕು ಹಿಡಿದಿದೆ. ಇವು ಎಷ್ಟು ಹಳೆಯವು, ಒಂದರಲ್ಲಾದರೂ ನಾನು ಗಡ್ಡ ತೆಗೆದುಕೊಳ್ಳಬಹುದೇ ಎಂಬುದನ್ನು ತಿಳಿದವರು ಹೇಳಬೇಕು. ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರಿಗೆ ಕೊಡಬಹುದೇ?

ಉತ್ತರ (ಬೆಂಗಳೂರು)

ದಯವಿಟ್ಟು ಸಾಣೆ ಚಕ್ರಕ್ಕೆ ಕೊಡಬೇಡಿ. ಕ್ಷೌರದ ಕತ್ತಿಯ ಬಾಯಿ ಬಹಳ ತೆಳು. ಒಣ ಚಕ್ರದ ಬಿಸಿಗೆ ಅದು ಕ್ಷಣಮಾತ್ರದಲ್ಲಿ 200 ಡಿಗ್ರಿ ಸೆಲ್ಸಿಯಸ್ ದಾಟಿ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯಾದ ಉಕ್ಕಿನ ಹದ ಕೆಟ್ಟಿತೆಂದೇ ಅರ್ಥ. ಮುಂದೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

‘ವಿ ಆರ್’ ವಿಕ್ಟೋರಿಯಾ ರಾಣಿಯ ಗುರುತಾದ್ದರಿಂದ ಆ ಕತ್ತಿ 1837 ಮತ್ತು 1901ರ ನಡುವಿನದೆಂದು ಎಣಿಸಬಹುದು. ನಕ್ಷತ್ರ ಮತ್ತು ಶಿಲುಬೆಯ ಗುರುತು ರಾಡ್ಜರ್ಸ್ ಮನೆತನಕ್ಕೆ 1764ರಲ್ಲಿಯೇ ಸಿಕ್ಕಿತ್ತು, ಹಾಗಾಗಿ ಅದರಿಂದ ಕಾಲ ತಿಳಿಯದು. ‘ಇಂಗ್ಲೆಂಡ್’ ಎಂಬ ಪದ ಇಲ್ಲದಿದ್ದರೆ 1891ಕ್ಕಿಂತ ಹಿಂದಿನದು ಎಂದು ಕೆಲವರು ಹೇಳುತ್ತಾರೆ. ಆದರೆ ದೇಶದ ಹೆಸರು ಒತ್ತಬೇಕೆಂಬ 1890ರ ಆ ಕಾನೂನು ಅಮೆರಿಕದ್ದು, ಅಲ್ಲಿಗೆ ಹೋಗುವ ಮಾಲಿಗೆ ಸಂಬಂಧಿಸಿದ್ದು, ನಮ್ಮ ಕಡೆಗೆ ಬಂದ ಕತ್ತಿಗೆ ಅದೊಂದನ್ನೇ ಆಧಾರ ಮಾಡಿಕೊಳ್ಳಬಾರದು.

ಕಾಲಕ್ಕಿಂತ ಮುಖ್ಯವಾದದ್ದು ಬಾಯಿಯ ಸ್ಥಿತಿ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಬಾಯಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ. ಮೇಲಿನ ಕೆಂಪು ತುಕ್ಕು ಎಣ್ಣೆಯಲ್ಲಿ ನೆನೆಸಿ ಉಜ್ಜಿದರೆ ಹೋಗುತ್ತದೆ, ಬೆನ್ನಿನ ಬಳಿಯ ಕಪ್ಪು ಗುಳಿಗಳಿಂದಲೂ ತೊಂದರೆಯಿಲ್ಲ. ಬಾಯಿಗೆ ತಾಗಿದ ಗುಳಿಯಿದ್ದರೆ ಅಥವಾ ಕೂದಲೆಳೆಯಷ್ಟು ಸೀಳು ಕಂಡರೆ ಮಾತ್ರ ಆ ಕತ್ತಿಯನ್ನು ಮುಖಕ್ಕೆ ತಾಗಿಸಬೇಡಿ.

ಉತ್ತರ (ಉಡುಪಿ)

ಕರ್ಪೂರದ ವಾಸನೆಯ ಮಾತು ಓದಿ ಕಳವಳವಾಯಿತು. ಆ ಹಿಡಿ ದಂತವಲ್ಲ, ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್. ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರ ಬೆರೆಸಿ ಮಾಡುವ ಈ ವಸ್ತು ಹಳತಾದಂತೆ ಕೊಳೆತು ಆಮ್ಲದ ಆವಿಯನ್ನು ಬಿಡುತ್ತದೆ, ಆ ಆವಿ ತನ್ನ ಕತ್ತಿಯನ್ನಷ್ಟೇ ಅಲ್ಲದೆ ಅದೇ ಚೀಲದಲ್ಲಿರುವ ಇನ್ನೊಂದನ್ನೂ ತಿನ್ನುತ್ತದೆ. ಇಂದೇ ಎರಡನ್ನೂ ಬೇರೆ ಮಾಡಿ. ದಂತವೇ ಎಂದು ತಿಳಿಯಲು ಕಾದ ಸೂಜಿ ಚುಚ್ಚುವ ಪರೀಕ್ಷೆಯನ್ನು ಖಂಡಿತ ಮಾಡಬೇಡಿ, ಸೆಲ್ಯುಲಾಯ್ಡ್ ಕೂಡಲೇ ಹೊತ್ತಿಕೊಳ್ಳುತ್ತದೆ. ಹಿಡಿಯ ಹಿತ್ತಾಳೆ ಮೊಳೆಯ ತಲೆಯನ್ನು ಸಣ್ಣ ಅರದಿಂದ ತೆಗೆದು, ಮೊಳೆಯನ್ನು ಹೊರಗೆ ತಳ್ಳಿ, ಬೀಟೆ ಮರದ ಹೊಸ ಹಿಡಿ ಹಾಕಿಸಬಹುದು.

ಚರ್ಮದ ಚೀಲ ತೇವವನ್ನು ಹಿಡಿದಿಡುತ್ತದೆ, ನಮ್ಮ ಮಳೆಗಾಲಕ್ಕೆ ಅದು ಹೊಂದುವುದಿಲ್ಲ. ತೆಂಗಿನೆಣ್ಣೆ ಸವರಿ ಇಡುವ ರೂಢಿಯನ್ನೂ ಬಿಡಿ, ಅದು ಕಾಲಾಂತರದಲ್ಲಿ ಕಮಟಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು.

ಪ್ರಶ್ನೆ ಕೇಳಿದವರು

ನೋಡಿದೆ. ಶೆಫೀಲ್ಡ್ ಕತ್ತಿಯ ತುದಿಯ ಬಳಿ ಎರಡು ಗುಳಿಗಳು ಬಾಯಿಗೇ ತಾಗಿವೆ. ಸೋಲಿಂಗೆನ್ ಕತ್ತಿಯ ತುಕ್ಕು ಬೆನ್ನಿನ ಕಡೆಗೆ ಮಾತ್ರ ಇದೆ, ಬಾಯಿ ಚೊಕ್ಕವಾಗಿದೆ. ಅಜ್ಜ ಹೆಚ್ಚು ಮೆಚ್ಚಿದ್ದು ಶೆಫೀಲ್ಡಿನದು ಎಂದು ಅಮ್ಮ ಹೇಳುತ್ತಾರೆ.

ಉತ್ತರ (ಧಾರವಾಡ)

ನಾನು ಈ ವೃತ್ತಿಯಲ್ಲಿ ನಲವತ್ತು ವರ್ಷ ಕಳೆದವನು. ನಿಮ್ಮ ಅಜ್ಜನವರ ಶೆಫೀಲ್ಡ್ ಕತ್ತಿಯನ್ನು ಮಸೆದು ಗುಳಿ ತೆಗೆಯಲು ಹೋದರೆ ಅವರು ಕೈಯಾರೆ ಕಾಪಾಡಿದ ಉಕ್ಕೇ ಸವೆದುಹೋಗುತ್ತದೆ. ಅದನ್ನು ಒರೆಸಿ, ಎಣ್ಣೆ ಹಚ್ಚಿ, ಹಾಗೆಯೇ ಇಡಿ. ಕೊಂಬಿನ ಹಿಡಿಗೆ ಹುಳು ಬೀಳದಂತೆ ಆಗಾಗ ತೆರೆದು ನೋಡಿ.

ಸೋಲಿಂಗೆನ್ ಕತ್ತಿ ಬಳಕೆಗೆ ಬರುತ್ತದೆ. ಮಸೆಯುವಾಗ ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು, ಬೆನ್ನನ್ನು ಎಳ್ಳಷ್ಟೂ ಎತ್ತಬಾರದು, ಏಕೆಂದರೆ ಈ ಕತ್ತಿಗೆ ಬೇಕಾದ ಕೋನವನ್ನು ಅದರ ಬೆನ್ನೇ ನಿರ್ಧರಿಸುತ್ತದೆ. ಬಾಯಿ ಮುಂದಾಗಿ ತಳ್ಳಿ, ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ತಿರುಗಿ ತನ್ನಿ. ಈಗ ಅಂಗಡಿಯಲ್ಲಿ ಸಿಗುವ ಕಲ್ಲುಗಳಾದರೆ 1000, 4000, 8000 ಈ ಕ್ರಮದಲ್ಲಿ ಸಾಕು (ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು), ಬೇಕೆನಿಸಿದರೆ 12000. ಕೈಯ ಭಾರವನ್ನು ಹಾಕಬೇಡಿ. ಆಮೇಲೆ ಚರ್ಮದ ಪಟ್ಟಿಗೆ ಬೆನ್ನು ಮುಂದಾಗಿ ಐವತ್ತು ಸಲ ತೀಡಿ; ಇಲ್ಲಿ ಬಾಯಿ ಮುಂದಾದರೆ ಪಟ್ಟಿಯೂ ಕುಯ್ಯುತ್ತದೆ, ಹರಿತವೂ ಹೋಗುತ್ತದೆ. ತೋಳಿನ ಕೂದಲನ್ನು ಚರ್ಮಕ್ಕೆ ತಾಗದೆ ಕತ್ತರಿಸುವವರೆಗೆ ಗಡ್ಡಕ್ಕೆ ಹಿಡಿಯಬೇಡಿ. ಬಹು ಜನರಿಗೆ ಬಳಸಿದ ಕತ್ತಿಯಾದ್ದರಿಂದ ಮೊದಲ ದಿನ ಸ್ಪಿರಿಟ್‌ನಲ್ಲಿ ಶುದ್ಧಮಾಡಿ, ಮೊದಲು ಕೆನ್ನೆಯಷ್ಟನ್ನೇ ತೆಗೆಯಿರಿ, ಗಲ್ಲಕ್ಕೆ ಕೈ ಪಳಗಿದ ಮೇಲೆ ಹೋಗಿ.